ಗಾಜಿನ ಜಾತಕ ತಳದಲ್ಲಿದೆ

ಕರ್ನಾಟಕದ ಹಳೆಯ ಮನೆಗಳಲ್ಲಿ ಗಾಜಿಗೆ ಇರುವುದು ಒಂದೇ ತವರು: ಬೆಲ್ಜಿಯಂ. ಹಜಾರದ ತೂಗುದೀಪ ಬೆಲ್ಜಿಯಂನದು, ಬಾಗಿಲ ಪಕ್ಕದ ನಿಲುಗನ್ನಡಿ ಬೆಲ್ಜಿಯಂನದು, ಅಟ್ಟದ ಪೆಟ್ಟಿಗೆಯಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟ ನೀಲಿ ಬಟ್ಟಲೂ ಬೆಲ್ಜಿಯಂನದೇ. ಮನೆ ಪಾಲಾಗುವ ಹೊತ್ತಿಗೆ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ದೊಡ್ಡಪ್ಪ ಯಾರೋ ಒಬ್ಬರು ‘ಅದಕ್ಕೆ ಲಕ್ಷಕ್ಕೆ ಕಡಿಮೆಯಿಲ್ಲ’ ಎನ್ನುತ್ತಾರೆ. ಗುಜರಿಯವನು ಬಂದು ‘ಇನ್ನೂರು ಕೊಡ್ತೀನಿ’ ಎನ್ನುತ್ತಾನೆ. ಲಕ್ಷವೂ ಊಹೆ, ಇನ್ನೂರೂ ಊಹೆ. ಇಬ್ಬರಲ್ಲಿ ಒಬ್ಬರೂ ಆ ಬಟ್ಟಲನ್ನು ಮಗುಚಿ ಅದರ ತಳ ನೋಡಿರುವುದಿಲ್ಲ.

ಬೆಲ್ಜಿಯಂನ ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಿಟಕಿ ಗಾಜನ್ನೂ ಕನ್ನಡಿ ಗಾಜನ್ನೂ ಹಡಗುಗಟ್ಟಲೆ ಹೊರದೇಶಗಳಿಗೆ ಕಳಿಸುತ್ತಿದ್ದ ನಾಡು ಅದು. 1826ರಲ್ಲಿ ಲೀಜ್ ನಗರದ ಬಳಿ ಶುರುವಾದ ವಾಲ್ ಸಾಂ ಲಾಂಬೇರ್ ಕಾರ್ಖಾನೆಯ ಹರಳುಗಾಜನ್ನು ಹುಡುಕಿಕೊಂಡು ಹೋಗುವವರು ಇವತ್ತಿಗೂ ಇದ್ದಾರೆ. ಹಾಗಾಗಿ ನಿಲುಗನ್ನಡಿಯ ಮಟ್ಟಿಗೆ ಅಜ್ಜಿಯ ಮಾತು ನಿಜವಿದ್ದೀತು. ದೀಪದ ಕಥೆ ಬೇರೆ. ಸೀಮೆಎಣ್ಣೆ ದೀಪದಲ್ಲಿ ಬತ್ತಿ ಏರಿಸಿ ಇಳಿಸಲು ಹಿತ್ತಾಳೆಯ ಪುಟ್ಟ ಬಿಲ್ಲೆಯೊಂದಿರುತ್ತದೆ, ಹೆಬ್ಬೆರಳ ಉಗುರಿನಷ್ಟಗಲ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಅಲ್ಲಿ ಅಕ್ಷರ ಕಾಣಬಹುದು. (ಹುಣಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬಿನ ಜತೆ ಅಕ್ಷರವೂ ಸವೆಯುತ್ತದೆ.) ‘ಹಿಂಕ್ಸ್’ ಎಂದಿದ್ದರೆ ಬರ್ಮಿಂಗ್‌ಹ್ಯಾಮ್, ‘ಡಿಟ್ಮರ್’ ಎಂದಿದ್ದರೆ ವಿಯೆನ್ನಾ, ‘ವೈಲ್ಡ್ ಅಂಡ್ ವೆಸೆಲ್’ ಎಂದಿದ್ದರೆ ಬರ್ಲಿನ್. ಅಷ್ಟಾದರೂ ತಿಳಿದದ್ದು ಬರ್ನರಿನ ಊರು ಮಾತ್ರ. ದೀಪವೆಂದರೆ ಬಿಡಿ ಭಾಗಗಳ ಜೋಡಣೆ. ಎಣ್ಣೆಬುಡ್ಡಿ ಬೊಹೀಮಿಯಾದ್ದಾಗಿದ್ದು, ಒಡೆದ ಚಿಮಣಿಯ ಬದಲಿಗೆ ತಂದು ಹಾಕಿದ್ದು ನಮ್ಮ ಬೆಳಗಾವಿಯಿಂದ ಪುಣೆಯ ಕಡೆ ಹೋಗುವಾಗ ಸಿಗುವ ಕರಾಡದ ಪಕ್ಕದ ಓಗಲೆವಾಡಿಯದಾಗಿರಬಹುದು. 1916ರಲ್ಲಿ ಶುರುವಾದ ಆ ಓಗಲೆ ಗಾಜಿನ ಕಾರ್ಖಾನೆಯ ‘ಪ್ರಭಾಕರ’ ಕಂದೀಲು ಒಂದು ಕಾಲಕ್ಕೆ ಮನೆಮಾತಾಗಿತ್ತು. ಅರಮನೆಗಳ ಮಟ್ಟದಲ್ಲೂ ಹೀಗೇ. ಉದಯಪುರದ ಮಹಾರಾಣಾ ಸಜ್ಜನ್ ಸಿಂಗ್ 1870ರ ದಶಕದ ಕೊನೆಯಲ್ಲಿ ಗಾಜಿನ ಮಂಚ, ಮೇಜು, ಕುರ್ಚಿಗಳನ್ನು ತರಿಸಿದ್ದು ಬರ್ಮಿಂಗ್‌ಹ್ಯಾಮಿನ ಓಸ್ಲರ್ ಕಂಪನಿಯಿಂದ. ಮೈಸೂರು ಅರಮನೆಯ ಕಲ್ಯಾಣಮಂಟಪದ ಮೇಲಿನ ನವಿಲಿನ ಬಣ್ಣಗಾಜಿನ ಚಾವಣಿ ತಯಾರಾಗಿ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ.

ಬೆಲೆ ಎಷ್ಟು ಎಂದು ಕೇಳುವುದಕ್ಕೆ ಮೊದಲು ಇದು ಏನು ಎಂದು ಕೇಳಬೇಕು. ನಾವು ಮಾಡುವುದು ತಿರುವುಮುರುವು. ಬೆಳ್ಳಿಯ ಲೋಟಕ್ಕೆ ತೂಕವಿದೆ, ದರವಿದೆ. ಅದು ಯಾರದೆಂದು ಗೊತ್ತಾಗದಿದ್ದರೂ ಅಂಗಡಿಯವನು ಒಂದು ಮೊತ್ತ ಹೇಳಬಲ್ಲ. ಗಾಜಿಗೆ ಆ ಆಸರೆಯಿಲ್ಲ. ಮರಳು, ಸೋಡಾ, ಸುಣ್ಣ ಕರಗಿಸಿ ಮಾಡಿದ ಪದಾರ್ಥಕ್ಕೆ ತನ್ನದೇ ಆದ ಬೆಲೆ ಎಂಬುದೇ ಇಲ್ಲ. ಯಾರು, ಎಲ್ಲಿ, ಯಾವಾಗ, ಹೇಗೆ ಮಾಡಿದರು ಎಂಬುದು ಗೊತ್ತಾದ ಮೇಲೆ ಮಾತ್ರ ಅದಕ್ಕೆ ಬೆಲೆ. ಹಳೆಯದು ಎಂಬ ಒಂದೇ ಅರ್ಹತೆ ಸಾಲದು. ರೋಮನ್ ಕಾಲದ, ಸಾವಿರದೆಂಟುನೂರು ವರ್ಷದ ಸಣ್ಣ ಸುಗಂಧದ ಸೀಸೆ, ನೂರು ವರ್ಷವೂ ಆಗದ, ಫ್ರಾನ್ಸಿನ ಲಾಲಿಕ್ ಕಾರ್ಖಾನೆಯ ಒಂದು ಹೂದಾನಿಗಿಂತ ಎಷ್ಟೋ ಕಡಿಮೆಗೆ ಮಾರಾಟವಾಗುತ್ತದೆ.

ಆದ್ದರಿಂದ ಮೊದಲು ಬಟ್ಟಲನ್ನು ಮಗುಚಿ. ಬಾಯಿಂದ ಊದಿ ಮಾಡಿದ ಪಾತ್ರೆಯ ಅಂಚನ್ನು ತಿದ್ದುವಾಗ ಕೆಲಸಗಾರ ಅದರ ತಳಕ್ಕೆ ಕಬ್ಬಿಣದ ಸರಳೊಂದನ್ನು ಅಂಟಿಸಿ ಹಿಡಿದಿರುತ್ತಾನೆ. ಕೆಲಸ ಮುಗಿದ ಮೇಲೆ ಸರಳನ್ನು ಟಪ್ಪೆಂದು ಬಿಡಿಸಿದಾಗ ತಳದ ನಡುವೆ ಹೊಕ್ಕುಳಿನಂಥ ಒರಟು ಗಾಯವೊಂದು ಉಳಿಯುತ್ತದೆ. ಇದನ್ನು ಪಾಂಟಿಲ್ ಗುರುತು ಎನ್ನುತ್ತಾರೆ. ಮುಂದೆ ಅದನ್ನು ಸಾಣೆ ಹಿಡಿದು ನುಣುಪು ಮಾಡುವುದು ರೂಢಿಯಾಯಿತು, ಆಗ ಗಾಯದ ಜಾಗದಲ್ಲಿ ನುಣ್ಣನೆಯ ಗುಳಿ ಕಾಣುತ್ತದೆ. ಮಾರುವವರು ಈ ಗುರುತನ್ನು ತೋರಿಸಿ ‘ಇನ್ನೂರು ವರ್ಷ ಹಳೇದು’ ಎಂದರೆ ನಂಬಬೇಕಿಲ್ಲ. ಅದು ಹೇಳುವುದು ಇದು ಕೈಕೆಲಸ ಎಂಬುದನ್ನು ಮಾತ್ರ. ಕಳೆದ ವಾರ ಊದಿದ ಲೋಟದಲ್ಲೂ ಆ ಹೊಕ್ಕುಳಿರುತ್ತದೆ.

ಅಚ್ಚಿನಲ್ಲಿ ಒತ್ತಿ ಮಾಡಿದ ಗಾಜು ಅಮೆರಿಕದಲ್ಲಿ 1820ರ ದಶಕದಲ್ಲಿ ಬಂತು. ಮ್ಯಾಸಚೂಸೆಟ್ಸ್ ರಾಜ್ಯದ ಸ್ಯಾಂಡ್‌ವಿಚ್ ಎಂಬ ಊರಿನ ಕಾರ್ಖಾನೆ ಅದಕ್ಕೆ ಹೆಸರು ಮಾಡಿತು. ಅಚ್ಚಿನ ಎರಡೋ ಮೂರೋ ಹೋಳುಗಳು ಕೂಡುವ ಕಡೆ ಗಾಜಿನ ಮೈಮೇಲೆ ಕೂದಲೆಳೆಯಂಥ ಗೆರೆ ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ. ಶ್ರೀಮಂತರ ಮನೆಯ ಕಟ್ ಗ್ಲಾಸನ್ನು ನೋಡಿ ಬಡವರಿಗೂ ಅಂಥದ್ದು ಬೇಕೆನಿಸಿದಾಗ ಅದೇ ನಕ್ಷೆಯನ್ನು ಅಚ್ಚಿಗಿಳಿಸಿ ಅಗ್ಗಕ್ಕೆ ಒತ್ತಿದರು. ಎರಡನ್ನೂ ಬೇರ್ಪಡಿಸಲು ಬೆರಳಿನ ತುದಿ ಸಾಕು. ಚಕ್ರಕ್ಕೆ ಹಿಡಿದು ಕೊರೆದ ಗೀರಿನ ಅಂಚು ಚೂಪಾಗಿರುತ್ತದೆ, ಬೆರಳು ಅಲ್ಲಿ ತಡೆಯುತ್ತದೆ. ಅಚ್ಚಿನ ಗೀರು ಸಬಕಾರದ ತುಂಡಿನ ಹಾಗೆ ಅಂಚು ಉರುಟಿ ಜಾರುತ್ತದೆ. ಇದರಲ್ಲೂ ಒಂದು ಕೊಕ್ಕೆಯಿದೆ: ಅರ್ಧ ನಕ್ಷೆಯನ್ನು ಅಚ್ಚಿನಲ್ಲೇ ಒತ್ತಿ, ಮೇಲೆ ಚಕ್ರ ಆಡಿಸಿ ಚೂಪು ಮಾಡಿದ ಸರಕು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೇಕಾದಷ್ಟು ಬಂದಿದೆ.

ತಳದಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಸವೆತ. ನೂರು ವರ್ಷ ಮೇಜಿನಿಂದ ಬೀರುವಿಗೆ, ಬೀರುವಿನಿಂದ ಮೇಜಿಗೆ ಓಡಾಡಿದ ಪಾತ್ರೆಯ ತಳದಂಚನ್ನು ಹತ್ತು ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ನೋಡಿದರೆ ನೂರಾರು ಸಣ್ಣ ಗೀರುಗಳು ಕಾಣುತ್ತವೆ. ಒಂದು ಉದ್ದ, ಒಂದು ಗಿಡ್ಡ, ಒಂದು ಆಳ, ಇನ್ನೊಂದು ತೇಲು. ಒಂದರ ದಿಕ್ಕು ಇನ್ನೊಂದಕ್ಕಿಲ್ಲ. ಅವು ಇರುವುದೂ ಪಾತ್ರೆ ನೆಲ ಮುಟ್ಟುವ ಉಂಗುರದಲ್ಲಿ ಮಾತ್ರ. ನಕಲಿ ಮಾಡುವವನು ಉಪ್ಪುಕಾಗದದಿಂದ ತಿಕ್ಕಿರುತ್ತಾನೆ. ಅಲ್ಲಿ ಗೀರುಗಳು ಸಾಲಾಗಿ ಒಂದೇ ಕಡೆ ಓಡುತ್ತವೆ, ನೆಲಕ್ಕೆ ತಾಗದ ಒಳಗುಳಿಯಲ್ಲೂ ಹರಡಿರುತ್ತವೆ. ತಳ ಮುಟ್ಟುವ ಕಡೆ ಒಂದೂ ಗೀರಿಲ್ಲದ ‘ಪುರಾತನ’ ಬಟ್ಟಲನ್ನು ಕಂಡರೆ ನಾನಂತೂ ಕೈ ಹಿಂದಕ್ಕೆ ತೆಗೆಯುತ್ತೇನೆ. ಬೀರುವಿನಲ್ಲೇ ಕೂತಿತ್ತು ಎನ್ನುತ್ತಾರೆ. ನಿಜವೂ ಇರಬಹುದು, ಆದರೆ ಅದನ್ನು ತೋರಿಸಿಕೊಡಬೇಕಾದವರು ಮಾರುವವರು.

ಗಾಜಿನ ಮೇಲೆ ಕೆಲಸಗಾರನ ಕೈಯಷ್ಟೇ ಸರ್ಕಾರದ ಕೈಯೂ ಬಿದ್ದಿದೆ, ಮತ್ತು ಕಾಲ ತಿಳಿಯಲು ಇದರಷ್ಟು ಉಪಕಾರಿಯಾದ ಸಾಕ್ಷಿ ಕಡಿಮೆ. ಬ್ರಿಟನ್ನು 1745ರಲ್ಲಿ ಗಾಜಿಗೆ ಅದರ ತೂಕದ ಲೆಕ್ಕದಲ್ಲಿ ಸುಂಕ ಹಾಕಿತು. ದಪ್ಪ ಕಾಲಿನ, ಭಾರದ ಲೋಟಗಳು ಕ್ರಮೇಣ ಸಣಕಲಾದವು. ಅಲಂಕಾರವನ್ನು ತೂಕವಿಲ್ಲದ ಕಡೆ, ಅಂದರೆ ಕಾಲಿನ ಒಳಗೆ ತಿರುಚಿದ ಗಾಳಿಯ ಎಳೆಯಲ್ಲಿ, ಹುಡುಕಿಕೊಂಡರು. ಸುಂಕವಿಲ್ಲದ ಐರ್ಲೆಂಡಿಗೆ ಬಂಡವಾಳ ಹೊರಟಿತು. 1783ರಲ್ಲಿ ವಾಟರ್‌ಫೋರ್ಡ್ ಕಾರ್ಖಾನೆ ಎದ್ದದ್ದು ಆ ಗಾಳಿಯಲ್ಲೇ. ಕೊನೆಗೆ ಸುಂಕ ಅಲ್ಲಿಗೂ ಬಂತು, ಕಾರ್ಖಾನೆ 1851ರಲ್ಲಿ ಮುಚ್ಚಿತು. ಈಗ ಅಂಗಡಿಗಳಲ್ಲಿ ಆಸಿಡ್ಡಿನಿಂದ ‘ವಾಟರ್‌ಫೋರ್ಡ್’ ಎಂದು ಬರೆಸಿಕೊಂಡು ನಿಂತಿರುವ ಹರಳುಗಾಜು ಆ ವಂಶದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ಹೊಸದಾಗಿ ಕಟ್ಟಿದ ಕಾರ್ಖಾನೆಯ ವಂಶದ್ದು. ಎರಡರ ನಡುವೆ ಸುಮಾರು ನೂರು ವರ್ಷದ ಖಾಲಿ ಜಾಗವಿದೆ. ಹಳೆಯ ವಾಟರ್‌ಫೋರ್ಡಿನ ಹೆಸರು ಕಾಣುವುದಾದರೆ ಕೆಲವು ಮದ್ಯದ ಹೂಜಿಗಳ ತಳದಲ್ಲಿ, ಅಚ್ಚಿನಿಂದಲೇ ಎದ್ದ ‘ಪೆನ್ರೋಸ್ ವಾಟರ್‌ಫೋರ್ಡ್’ ಎಂಬ ಅಕ್ಷರಗಳಲ್ಲಿ. ಮಿಕ್ಕದ್ದರಲ್ಲಿ ಹೆಚ್ಚಿನದಕ್ಕೆ ಸಹಿಯೇ ಇಲ್ಲ.

ದೇಶದ ಹೆಸರೂ ಹೀಗೆಯೇ ಕಾನೂನಿನಿಂದ ಬಂದದ್ದು. ವಿದೇಶಿ ಸರಕಿನ ಮೇಲೆ ಅದರ ಮೂಲ ತಿಳಿಯುವಂತೆ ಗುರುತಿರಬೇಕೆಂದು ಬ್ರಿಟನ್ 1887ರಲ್ಲಿ, ಭಾರತದ ಬ್ರಿಟಿಷ್ ಸರ್ಕಾರ 1889ರಲ್ಲಿ, ಅಮೆರಿಕ 1890ರಲ್ಲಿ ಕಾಯಿದೆ ಮಾಡಿದವು. ‘ಮೇಡ್ ಇನ್ ಜರ್ಮನಿ’ ಎಂಬ ಮೂರು ಪದ ಕಂಡಲ್ಲಿ 1850 ಎಂದು ಹೇಳುವವನ ಮಾತು ಅಲ್ಲಿಗೇ ಬಿದ್ದಂತೆ. ‘ಝೆಕೊಸ್ಲೊವಾಕಿಯಾ’ ಎಂದಿದ್ದರೆ ಆ ದೇಶ ಹುಟ್ಟಿದ್ದು 1918ರಲ್ಲಿ, ಇಲ್ಲವಾದದ್ದು 1992ರ ಕೊನೆಗೆ. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ 1945ರಿಂದ 1952ರೊಳಗೆ. ತಜ್ಞರಿಗೆ ದುಡ್ಡು ಕೊಡದೆ ಕಾಲ ಕಂಡುಕೊಳ್ಳುವ ದಾರಿ ಇದು. ಶಾಲೆಯ ಇತಿಹಾಸದ ಪುಸ್ತಕವೊಂದಿದ್ದರೆ ಸಾಕು.

ಬೆಳಕಿನ ಪರೀಕ್ಷೆ ಈಚೆಗೆ ಜನಪ್ರಿಯವಾಗಿದೆ. ಕೆಲವು ನೂರು ರೂಪಾಯಿಗೆ ಸಿಗುವ ನೇರಳಾತೀತ ಟಾರ್ಚನ್ನು ಕತ್ತಲಲ್ಲಿ ಹಿಡಿದರೆ ಹಳದಿ ಹಸಿರು ಗಾಜೊಂದು ನಿಂಬೆಹಣ್ಣಿನ ಬಣ್ಣದಲ್ಲಿ ಉರಿದೆದ್ದಂತೆ ಹೊಳೆಯುತ್ತದೆ. ಅದು ಯುರೇನಿಯಂ ಗಾಜು. ಯುರೇನಿಯಂ ಪತ್ತೆಯಾದದ್ದು 1789ರಲ್ಲಿ. 1830ರ ದಶಕದಲ್ಲಿ ಬೊಹೀಮಿಯಾದ ಯೋಸೆಫ್ ರೀಡೆಲ್ ಅದನ್ನು ಬೆರೆಸಿ ಹಳದಿ ಗಾಜು, ಹಸಿರು ಗಾಜು ಮಾಡಿ ಎರಡಕ್ಕೂ ಹೆಂಡತಿ ಅನ್ನಾಳ ಹೆಸರಿಟ್ಟ. ವಿಕಿರಣದ ಹೆದರಿಕೆ ಬೇಡ, ಬೀರುವಿನಲ್ಲಿಟ್ಟು ನೋಡುವುದಕ್ಕೆ ಅದರಿಂದ ತೊಂದರೆಯಿಲ್ಲ; ಹುಳಿ ಪದಾರ್ಥ ಹಾಕಿಡಬೇಡಿ, ಅಷ್ಟೆ. ಟಾರ್ಚಿನ ಬಗ್ಗೆ ಹೇಳಬೇಕಾದ ಮಾತು ಬೇರೆ. ಮ್ಯಾಂಗನೀಸ್ ಬೆರೆತ ಹಳೆಯ ಬಿಳಿ ಗಾಜೂ ಮಂಕಾಗಿ ಹಸಿರು ಹೊಳೆಯುತ್ತದೆ, ಅದನ್ನೇ ಯುರೇನಿಯಂ ಎಂದು ಮಾರುತ್ತಾರೆ. ಯುರೇನಿಯಂ ಗಾಜು ಈಗಲೂ ತಯಾರಾಗುತ್ತದೆ. ಹೊಳಪು ಗಾಜಿನಲ್ಲಿ ಏನು ಸೇರಿದೆ ಎಂದು ಹೇಳುತ್ತದೆ, ಯಾವಾಗ ಸೇರಿತು ಎಂದಲ್ಲ.

ಹಾಗೆಯೇ ಬೆರಳಲ್ಲಿ ಮೀಟಿ ನಾದ ಕೇಳುವ ಪರೀಕ್ಷೆ. ಲಂಡನ್ನಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಹಕ್ಕುಪತ್ರ ಪಡೆದ ಗಾಜು ಮುಂದೆ ಸೀಸದ ಹರಳುಗಾಜಾಗಿ ಬೆಳೆಯಿತು. ಅದು ತೂಕದಲ್ಲಿ ಹೆಚ್ಚು, ಹೊಳಪಿನಲ್ಲಿ ಹೆಚ್ಚು, ಮೀಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಆದರೆ ನಾದಕ್ಕೆ ಆಕಾರವೂ ಬೇಕು. ತೆಳ್ಳನೆಯ ಸಾಮಾನ್ಯ ಲೋಟವೂ ಹಾಡುತ್ತದೆ, ದಪ್ಪನೆಯ ಸೀಸದ ಬೂದಿಬಟ್ಟಲು ಮೂಕವಾಗಿರುತ್ತದೆ. ಸೀಸದ ಗಾಜಿನ ಜಾಡಿಯಲ್ಲಿ ಉಪ್ಪಿನಕಾಯಿ ತುಂಬಿಡುವ ಮನೆಗಳಿದ್ದರೆ ದಯವಿಟ್ಟು ಬೇರೆ ಜಾಡಿಗೆ ಬದಲಾಯಿಸಿ; ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ.

ಇನ್ನು ಒಂದು ಗಾಜಿನ ಕಥೆಯನ್ನು ಸಾವಧಾನವಾಗಿ ಹೇಳಬೇಕು, ಏಕೆಂದರೆ ಅದರ ಕೊನೆಯ ಅಧ್ಯಾಯ ನಡೆದದ್ದು ಭಾರತದಲ್ಲಿ, ಓದಿದವರು ಮಾತ್ರ ಹೊರಗಿನವರು. ನೀರಿನ ಮೇಲೆ ಎಣ್ಣೆ ತೇಲಿದಾಗ ಕಾಣುವ ಬಣ್ಣಗಳಿರುವ ಗಾಜನ್ನು ನೀವು ನೋಡಿರಬಹುದು: ನೇರಳೆ, ಹಸಿರು, ಚಿನ್ನ, ನೀಲಿ, ಕೈಯಲ್ಲಿ ತಿರುಗಿಸಿದಂತೆಲ್ಲ ಮಾರ್ಪಡುವ ಮಿರುಗು. 1890ರ ದಶಕದಲ್ಲಿ ನ್ಯೂಯಾರ್ಕಿನ ಟಿಫನಿ ಇಂಥ ಮಿರುಗಿನ ಗಾಜನ್ನು ಸಿರಿವಂತರಿಗೆ ಮಾರುತ್ತಿದ್ದ. 1907ರಲ್ಲಿ ವೆಸ್ಟ್ ವರ್ಜೀನಿಯಾದ ವಿಲಿಯಮ್ಸ್‌ಟೌನಿನ ಫೆಂಟನ್ ಸೋದರರು ಅದೇ ಮೋಡಿಯನ್ನು ಅಗ್ಗದ ಗಾಜಿನ ಮೇಲೆ ತಂದರು. ಅಚ್ಚಿನಿಂದ ತೆಗೆದ ಬಿಸಿ ಬಟ್ಟಲಿನ ಮೇಲೆ ತವರ, ಕಬ್ಬಿಣದ ಲವಣಗಳ ದ್ರಾವಣ ಸಿಂಪಡಿಸಿದರೆ ಮೈಮೇಲೆ ಲೋಹದ ತೆಳು ಪೊರೆ ಕೂರುತ್ತದೆ; ಬೆಳಕು ಆ ಪೊರೆಯ ಮೇಲೂ ಕೆಳಗೂ ಪ್ರತಿಫಲಿಸಿ ಬಣ್ಣ ಹುಟ್ಟಿಸುತ್ತದೆ. ನಾರ್ತ್‌ವುಡ್, ಇಂಪೀರಿಯಲ್, ಡ್ಯೂಗನ್, ಮಿಲ್ಲರ್ಸ್‌ಬರ್ಗ್ ಕಾರ್ಖಾನೆಯವರೆಲ್ಲರೂ ಅದರ ಹಿಂದೆ ಬಿದ್ದರು. ಬಡವರ ಮನೆಗೂ ಟಿಫನಿ ಬಂದ ಮೇಲೆ ಸಿರಿವಂತರಿಗೆ ಅದು ಬೇಡವಾಯಿತು. ಜಾತ್ರೆಗಳಲ್ಲಿ ಉಂಗುರ ಎಸೆದು ಗೆದ್ದವರಿಗೆ ಬಹುಮಾನವಾಗಿ ಕೊಡುತ್ತಿದ್ದರೆಂಬ ನೆನಪಿನಿಂದ ಸಂಗ್ರಹಕಾರರು ದಶಕಗಳ ನಂತರ ‘ಕಾರ್ನಿವಲ್ ಗ್ಲಾಸ್’ ಎಂದು ಹೆಸರಿಟ್ಟರು.

ಕಾರ್ನಿವಲ್ ಗಾಜಿನ ಬಣ್ಣ ಹೇಳಲು ಮಿರುಗನ್ನು ನೋಡಬಾರದು. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಪೊರೆ ಹತ್ತದ ತಳದ ಮೂಲಕ ನೋಡಬೇಕು. ಮೇಲಿಂದ ಕಿತ್ತಳೆಯಾಗಿ ಹೊಳೆಯುವುದು ತಳದಲ್ಲಿ ಬಿಳಿ ಗಾಜಾಗಿದ್ದರೆ ಅದು ಎಲ್ಲೆಡೆ ಸಿಗುವ ‘ಮಾರಿಗೋಲ್ಡ್’. ತಳ ನೇರಳೆಯಾಗಿದ್ದರೆ ಬೆಲೆ ಒಂದು ಮೆಟ್ಟಿಲು ಮೇಲೆ. ಅಪ್ಪಟ ಕೆಂಪಾಗಿದ್ದರೆ ಹರಾಜಿನವರು ಎದ್ದು ಕೂರುತ್ತಾರೆ, ಏಕೆಂದರೆ ಕೆಂಪು ಗಾಜು ಮಾಡುವುದು ದುಬಾರಿ, ಕಷ್ಟ. ಒಂದೇ ಅಚ್ಚು, ಒಂದೇ ನಕ್ಷೆ, ಒಂದೇ ಕಾರ್ಖಾನೆಯ ಎರಡು ಬಟ್ಟಲುಗಳ ನಡುವೆ ನೂರು ಪಟ್ಟು ಅಂತರ ಬಂದೀತು. ಗುರುತಿನ ವಿಷಯದಲ್ಲೂ ಎಚ್ಚರ ಬೇಕು. ನಾರ್ತ್‌ವುಡ್ ಕಾರ್ಖಾನೆ ಅನೇಕ ವಸ್ತುಗಳ ತಳದಲ್ಲಿ ವೃತ್ತದೊಳಗೆ ಅಡಿಗೆರೆಯ ‘ಎನ್’ ಅಕ್ಷರ ಒತ್ತುತ್ತಿತ್ತು. ನಕಲಿಗಳಲ್ಲೂ ಅದನ್ನೇ ಹೋಲುವ ‘ಎನ್’ ಇದೆ. ಅತ್ತ ಫೆಂಟನ್‌ನ ಹಳೆಯ ಕಾರ್ನಿವಲ್ ಗಾಜಿಗೆ ಗುರುತೇ ಇಲ್ಲ. ಅಂಡಾಕಾರದೊಳಗೆ ‘ಫೆಂಟನ್’ ಎಂದು ಬರೆದ ಬಟ್ಟಲು ಕೈಗೆ ಸಿಕ್ಕಿದರೆ ಅದು 1970ರ ನಂತರದ್ದು. ಹೆಸರಿದ್ದರೆ ಹೊಸದು, ಇಲ್ಲದಿದ್ದರೆ ಹಳೆಯದಿರಬಹುದು!

ಮಿರುಗಿನ ಗಾಜು ಅಮೆರಿಕದಲ್ಲಿ ಹಳತಾದ ಮೇಲೆ ಯುರೋಪು, ಆಸ್ಟ್ರೇಲಿಯಾ ಸುತ್ತಿ ಬಂದು ಬೇರು ಬಿಟ್ಟದ್ದು ಆಗ್ರಾ ಪಕ್ಕದ ಫಿರೋಜಾಬಾದಿನಲ್ಲಿ, ನಮ್ಮ ಹೆಣ್ಣುಮಕ್ಕಳ ಕೈಬಳೆಗಳ ಊರಿನಲ್ಲಿ. ಸೇಠ್ ಛದಾಮಿಲಾಲ್ ಜೈನ್ 1928ರಲ್ಲಿ ಶುರುಮಾಡಿದ ಜೈನ್ ಗ್ಲಾಸ್ ವರ್ಕ್ಸ್ ಅಲ್ಲಿ ಕಾರ್ನಿವಲ್ ಲೋಟ, ಹೂದಾನಿಗಳನ್ನು ತಯಾರಿಸಿತು. 1986ರಲ್ಲಿ ಕಾರ್ಖಾನೆ ಮುಚ್ಚಿತು. (ಫಿರೋಜಾಬಾದಿಗೆ ಹೋದ ಕನ್ನಡಿಗರು ಗಾಜಿಗಿಂತ ಮೊದಲು ಬೆರಗಾಗುವುದು ಅದೇ ಸೇಠರು ಕಟ್ಟಿಸಿದ ಜಿನಾಲಯದಲ್ಲಿ, ಅಲ್ಲೊಬ್ಬ 45 ಅಡಿಯ ಬಾಹುಬಲಿ ನಿಂತಿದ್ದಾನೆ.) ಅಮೆರಿಕದ ಕಾರ್ನಿವಲ್ ಒತ್ತಿ ಮಾಡಿದ್ದು, ದಪ್ಪ, ಭಾರ. ಫಿರೋಜಾಬಾದಿನದು ಬಹುಪಾಲು ಅಚ್ಚಿನೊಳಗೆ ಊದಿದ್ದು, ಹಗುರ. ಒಂದು ಲೋಟವನ್ನು ಹತ್ತಿರದಿಂದ ನೋಡಿ: ಬಾಯಿಯ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದದಷ್ಟು ತೆಳು. ಗಾಜಿನೊಳಗೆ ಸಾಸಿವೆಯಷ್ಟು ಗುಳ್ಳೆಗಳು. ಅಚ್ಚಿನ ಗೆರೆ ಸ್ವಲ್ಪ ಜರುಗಿ ಹೂವಿನ ಅರ್ಧ ದಳ ಇನ್ನರ್ಧಕ್ಕೆ ಕೂಡದೆ ನಿಂತಿದೆ. ಮಿರುಗು ತೇಲು ಕಿತ್ತಳೆ, ನಡುವೆ ಮಂಜು ಹಿಡಿದಂಥ ಪಟ್ಟಿ. ತಳದಲ್ಲೋ ಪಕ್ಕೆಯ ಚಿತ್ತಾರದ ನಡುವೆಯೋ ಇಂಗ್ಲಿಷಿನ ನಾಲ್ಕು ದಪ್ಪಕ್ಷರ: ಜೈನ್. ಹೂದಾನಿಗಳು ಇನ್ನೂ ಸೊಗಸು. ಸೊಂಡಿಲೆತ್ತಿದ ಆನೆ, ಬಾಯಿ ಮೇಲೆ ಮಾಡಿದ ಮೀನು, ಹೂದಾನಿ ಎತ್ತಿ ಹಿಡಿದ ಒಂಟಿ ಕೈ.

ಈ ಲೋಟಗಳು ಎಷ್ಟೋ ಮನೆಗಳ ಷೋಕೇಸಿನಲ್ಲಿ ಕೂತಿದ್ದು ಬೇಸರವಾಗಿ ಗುಜರಿಗೆ ಹೋದವು. ಗುಜರಿಯ ಗಾಜು ಸೇರುವುದು ಮತ್ತೆ ಕುಲುಮೆಗೆ. ಅದೇ ಹೊತ್ತಿಗೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದ ಸಂಗ್ರಹಕಾರರು ಇವಕ್ಕೆ ಹೆಸರಿಟ್ಟು, ಸೊಂಡಿಲು ಎಡಕ್ಕೋ ಬಲಕ್ಕೋ ಎಂಬುದರವರೆಗೆ ಪಟ್ಟಿ ಮಾಡಿಕೊಂಡರು. ನಮ್ಮ ಕಾರ್ಖಾನೆಯ ಚರಿತ್ರೆಯನ್ನು ನಾವು ಅವರ ಬಾಯಿಂದ ಕೇಳಬೇಕಾಗಿ ಬಂದದ್ದು ನನಗೆ ಇಂದಿಗೂ ಕಸಿವಿಸಿ. ಬೆಲ್ಜಿಯಂ ಎಂದು ಹೆಮ್ಮೆಯಿಂದ ಕಾಯ್ದಿಟ್ಟದ್ದಕ್ಕಿಂತ, ಲೋಕಲ್ ಮಾಲು ಎಂದು ಎಸೆದದ್ದೇ ಅಪರೂಪದ ವಸ್ತುವಾಗಿರುವ ಸಂಭವ ನಮ್ಮಲ್ಲಿ ಹೆಚ್ಚು.

ಗೋಲಿ ಸೋಡಾ ಸೀಸೆಯೂ ಇದೇ ಸಾಲಿನದು. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅದು: ಕತ್ತಿನಲ್ಲಿ ಗೋಲಿ, ಬಾಯಲ್ಲಿ ರಬ್ಬರ್ ಬಳೆ, ಸೀಸೆಯನ್ನು ತಲೆಕೆಳಗು ಮಾಡಿ ತುಂಬಿದಾಗ ಅನಿಲದ ಒತ್ತಡಕ್ಕೆ ಗೋಲಿ ತಾನೇ ಮುಚ್ಚಳವಾಗುತ್ತದೆ. 1892ರಲ್ಲಿ ಲೋಹದ ಕ್ರೌನ್ ಮುಚ್ಚಳ ಬಂದ ಮೇಲೆ ಪಶ್ಚಿಮದಲ್ಲಿ ಇದು ಹಿಂದೆ ಸರಿಯಿತು. ಅಲ್ಲಿ ಉಳಿದದ್ದೂ ಕಡಿಮೆ, ಗೋಲಿಯ ಆಸೆಗೆ ಮಕ್ಕಳು ಒಡೆದು ಹಾಕಿದ್ದರು. ಭಾರತದಲ್ಲಿ ಮತ್ತು ಜಪಾನಿನಲ್ಲಿ ಅದು ಬದುಕಿದೆ. ಹಾಗಾಗಿ ನಮ್ಮ ಸಂತೆಯಲ್ಲಿ ಕಾಣುವ ಗೋಲಿ ಸೀಸೆಗಳಲ್ಲಿ ಹೆಚ್ಚಿನವು ಹಳೆಯವೇ ಅಲ್ಲ. ನೋಡಬೇಕಾದದ್ದು ಮೈಮೇಲೆ ಉಬ್ಬಿ ನಿಂತ ಬರಹವನ್ನು. ಬಾರ್ನ್ಸ್‌ಲಿಯ ರೈಲಂಡ್ಸ್ ಕಾರ್ಖಾನೆಯ ಹೆಸರಿದ್ದರೆ ಅದು ಹಡಗಿನಲ್ಲಿ ಬಂದ ಸೀಸೆ. ಇಂಗ್ಲೆಂಡಿನ ಸಂಗ್ರಹಕಾರರು ದಟ್ಟ ನೀಲಿಗೆ, ಕಂದಿಗೆ ಸುರಿಯುತ್ತಾರೆ. ಅದಕ್ಕೇ ಆ ಬಣ್ಣಗಳಲ್ಲಿ ನಕಲು ಹೆಚ್ಚು. ನನ್ನ ಒಲವು ಬೇರೆ. ದಂಡು ಪ್ರದೇಶದ್ದೋ ಸಣ್ಣ ಪಟ್ಟಣದ್ದೋ, ಎಂದೋ ಮುಚ್ಚಿಹೋದ ಸೋಡಾ ಕಾರ್ಖಾನೆಯ ಹೆಸರೂ ಊರೂ ಮೈಮೇಲಿರುವ ಮಾಮೂಲಿ ತಿಳಿಹಸಿರು ಸೀಸೆ ಸಿಕ್ಕರೆ, ನೀಲಿ ಸೀಸೆಯನ್ನು ಬಿಟ್ಟು ಅದನ್ನು ಕೊಳ್ಳುತ್ತೇನೆ. ಹರಾಜಿನಲ್ಲಿ ಅದಕ್ಕೆ ಹೆಚ್ಚು ಬಾರದು. ಊರಿನ ಚರಿತ್ರೆ ಬರೆಯುವವರಿಗೆ ಅದೊಂದು ದಾಖಲೆ.

ಈಗ ಬೆಲೆ. ಗುರುತು ಸಿಕ್ಕಿತು, ಕಾಲ ತಿಳಿಯಿತು ಎಂದುಕೊಳ್ಳಿ. ಮುಂದಿನ ಪ್ರಶ್ನೆ ಆರೋಗ್ಯದ್ದು. ಅಂಚಿನ ಸುತ್ತ ಕಣ್ಣು ಮುಚ್ಚಿ ಬೆರಳಾಡಿಸಿ. ಕಣ್ಣಿಗಿಂತ ಬೆರಳು ಪ್ರಾಮಾಣಿಕ, ಸೊಳ್ಳೆ ಕಚ್ಚಿದಷ್ಟು ಚಕ್ಕೆ ಹಾರಿದ್ದರೂ ತಿಳಿಸುತ್ತದೆ. ಚಕ್ಕೆ ಹಾರಿದ ಅಂಚನ್ನು ಕೆಲವರು ಸಾಣೆ ಹಿಡಿಸಿ ಮಟ್ಟಸ ಮಾಡಿರುತ್ತಾರೆ. ಆರು ಲೋಟಗಳ ಜೊತೆಯಲ್ಲಿ ಒಂದು ಮಾತ್ರ ಕೂದಲೆಳೆಯಷ್ಟು ಗಿಡ್ಡ, ಅದರ ಅಂಚು ದುಂಡಗಿಲ್ಲದೆ ಚಪ್ಪಟೆ, ಎಂದರೆ ಅದೇ. ಅಂಟು ಹಾಕಿ ಕೂಡಿಸಿದ್ದು ನೇರಳಾತೀತ ಬೆಳಕಿನಲ್ಲಿ ಬೇರೆ ಬಣ್ಣಕ್ಕೆ ತಿರುಗಿ ಸಿಕ್ಕಿಬೀಳುತ್ತದೆ. ಬಿರಡೆಯಿರುವ ಹೂಜಿಯಾದರೆ ಬಿರಡೆ ತೆಗೆದು ಅದರ ಕೆಳತುದಿಯನ್ನೂ ಹೂಜಿಯ ಕತ್ತಿನ ಅಂಚನ್ನೂ ನೋಡಿ. ಸಾಣೆ ಹಿಡಿದು ಒಂದಕ್ಕೊಂದು ಹೊಂದಿಸಿದ ಜೋಡಿ ಅದಲುಬದಲಾಗದಿರಲಿ ಎಂದು ಕೆಲಸಗಾರರು ಎರಡರ ಮೇಲೂ ಒಂದೇ ಅಂಕಿ ಗೀಚುತ್ತಿದ್ದರು. ಹೂಜಿಯ ಮೇಲೆ 14, ಬಿರಡೆಯ ಮೇಲೆ 9 ಇದ್ದರೆ ಅದು ಮದುವೆ ಮಾಡಿಸಿದ ಜೋಡಿ.

ಹೂಜಿಯ ಒಳಮೈ ಮಂಜು ಕವಿದಂತಿದ್ದರೆ ವಿನೆಗರ್ ಹಾಕಿ ತೊಳೆದು ನೋಡಿ. ಸುಣ್ಣದ ನೀರಿನ ಕಲೆಯಾದರೆ ಬಿಡುತ್ತದೆ. ಬಿಡದಿದ್ದರೆ ಅದು ಗಾಜಿನ ರೋಗ: ವರ್ಷಗಟ್ಟಲೆ ನಿಂತ ತೇವ ಗಾಜಿನೊಳಗಿನ ಕ್ಷಾರವನ್ನು ಹೀರಿ ಮೈಯನ್ನೇ ತಿಂದಿದೆ. ಆರು ತಿಂಗಳು ಮಳೆಯ ಥಂಡಿ ಬಿಡದ ಮಲೆನಾಡಿನಲ್ಲೂ ಉಪ್ಪುಗಾಳಿಯ ಕರಾವಳಿಯಲ್ಲೂ ಬಿರಡೆ ಹಾಕಿ ಮುಚ್ಚಿಟ್ಟ ಸೀಸೆಗಳಿಗೆ ಇದು ಬೇಗ ಬರುತ್ತದೆ, ಆದ್ದರಿಂದ ಬಿರಡೆ ತೆಗೆದೇ ಇಡಬೇಕು. ಮಾರುವ ದಿನ ಒಳಗೆ ಒಂದು ಹನಿ ಎಣ್ಣೆ ಸವರಿದರೆ ಮಂಜು ಮಾಯವಾಗುತ್ತದೆ, ಕೊಂಡವರ ಮನೆಯಲ್ಲಿ ಎಣ್ಣೆ ಆರಿದ ಮೇಲೆ ಮರಳುತ್ತದೆ. ಅಂಗಡಿಯಲ್ಲಿ ಹೂಜಿಯ ಒಳಗೆ ಬೆರಳು ಹಾಕಿ ನೋಡುವವರನ್ನು ಕಂಡರೆ ಕೆಲವು ವ್ಯಾಪಾರಿಗಳ ಮುಖ ಗಂಟಾಗುವುದು ಇದಕ್ಕೇ.

ಅಂತರ್ಜಾಲದಲ್ಲಿ ಹುಡುಕಿದಾಗ ಕಾಣುವ ಮೊತ್ತ ಬೆಲೆಯಲ್ಲ, ಮಾರುವವನ ಆಸೆ. ಹಾಗೆ ಕೇಳಿಕೊಂಡು ವರ್ಷಗಟ್ಟಲೆ ಅಲ್ಲೇ ಕೂತಿರುವ ವಸ್ತುಗಳು ಎಷ್ಟೋ. ನೋಡಬೇಕಾದದ್ದು ಮಾರಾಟವಾಗಿ ಹೋದವುಗಳ ದಾಖಲೆ, ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶ. ಅದರಲ್ಲೂ ಒಂದು ಮೊತ್ತವಲ್ಲ, ಮೂರಿವೆ. ವಿಮೆ ಮಾಡಿಸುವಾಗ ಹೇಳುವುದು, ಅದೇ ವಸ್ತುವನ್ನು ಅಂಗಡಿಯಲ್ಲಿ ಕೊಳ್ಳಬೇಕಾದರೆ ಬೀಳುವ ಬೆಲೆ. ಅದು ಎಲ್ಲಕ್ಕಿಂತ ದೊಡ್ಡದು. ಹರಾಜಿನಲ್ಲಿ ಸುತ್ತಿಗೆ ಬೀಳುವುದು ಅದಕ್ಕಿಂತ ಕೆಳಗೆ. ವ್ಯಾಪಾರಿ ನಿಮ್ಮ ಮನೆ ಬಾಗಿಲಿಗೆ ಬಂದು ಕೊಡುವುದು ಇನ್ನೂ ಕೆಳಗೆ, ಮತ್ತು ಅದರಲ್ಲಿ ಮೋಸವೇನೂ ಇಲ್ಲ. ಬಾಡಿಗೆ ಕಟ್ಟಿಕೊಂಡು ಗಿರಾಕಿಗಾಗಿ ಕಾಯಬೇಕಾದವನು ಅವನು. ಮೌಲ್ಯ ಹೇಳುವವನೇ ಕೊಳ್ಳುವವನೂ ಆಗಿದ್ದರೆ ಮಾತ್ರ ಅನುಮಾನಿಸಬೇಕು. ಇನ್ನೊಂದು ಕಹಿ ಸತ್ಯ: ಅಮೆರಿಕದ ಕಟ್ ಗ್ಲಾಸ್, ಮಾಮೂಲಿ ಕಾರ್ನಿವಲ್ ಗಾಜು ಎರಡೂ ಮೂವತ್ತು ವರ್ಷದ ಹಿಂದಿಗಿಂತ ಇಂದು ಅಗ್ಗ. ಕೂಡಿಟ್ಟವರಿಗೆ ವಯಸ್ಸಾಯಿತು, ಅವರ ಮಕ್ಕಳಿಗೆ ಒರೆಸುವ ತಾಳ್ಮೆಯಿಲ್ಲ. ಹಳೆಯ ಬೆಲೆಪಟ್ಟಿಯ ಪುಸ್ತಕ ತೋರಿಸಿ ಚೌಕಾಸಿ ಮಾಡುವವರಿಗೆ ಇದು ಗೊತ್ತಿರುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿರುತ್ತಾರೆ.

ಕಣ್ಣು ಪಳಗಿಸಲು ಪುಸ್ತಕಕ್ಕಿಂತ ವಸ್ತುವೇ ಮೇಲು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ವೆನಿಸ್, ಬೊಹೀಮಿಯಾ, ಐರ್ಲೆಂಡ್, ಫ್ರಾನ್ಸ್ ಎಲ್ಲ ಕಡೆಯ ಗಾಜೂ ಒಂದೇ ಸೂರಿನಡಿ ಸಿಗುತ್ತದೆ. ಅಲ್ಲಿ ಮುಟ್ಟುವಂತಿಲ್ಲ. ಮುಟ್ಟಲು ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಚೋರ್ ಬಜಾರಿದೆ, ಮುಂಬಯಿಯ ಚೋರ್ ಬಜಾರಿದೆ, ಕೊಚ್ಚಿಯ ಮಟ್ಟಾಂಚೇರಿಯಿದೆ. ಕೊಳ್ಳಲೇಬೇಕೆಂದಿಲ್ಲ. ಬೆಳಗಿನ ಬಿಸಿಲಿಗೆ ಎತ್ತಿ ಹಿಡಿದು, ಮಗುಚಿ, ಅಂಚು ಸವರಿ ಕೆಳಗಿಟ್ಟರೆ ಯಾರೂ ಬೈಯುವುದಿಲ್ಲ, ಬೀಳಿಸಿದರೆ ಬೈಯುತ್ತಾರೆ.

ಕೊನೆಯದಾಗಿ ಅಮೆರಿಕ, ದುಬೈಗಳಲ್ಲಿ ನೆಲೆಸಿದ ನಮ್ಮವರಿಗೆ, ಅಜ್ಜಿಯ ದೀಪವನ್ನು ಸೂಟ್‌ಕೇಸಿನಲ್ಲಿ ಸುತ್ತಿ ತೆಗೆದುಕೊಂಡು ಹೋಗುವ ಮುನ್ನ: 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕುಶಲ ವಸ್ತು ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಎಲ್ಲಿ ತಯಾರಾಯಿತು ಎಂಬುದಕ್ಕಿಂತ ಇಲ್ಲಿ ವಯಸ್ಸು ಮುಖ್ಯ. ವಸ್ತು ಅಷ್ಟು ಹಳೆಯದಲ್ಲ ಎಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಹಾಗೆಂದು ಪ್ರಮಾಣಪತ್ರ ಪಡೆಯಬಹುದು. ಅರ್ಜಿಯ ಜತೆ ವಸ್ತುವಿನ ಫೋಟೋ ಬೇಕಾಗುತ್ತದೆ. ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೆದು ಕಳಿಸುವವರೇ ಹೆಚ್ಚು. ತಳದ್ದೂ ಒಂದು ತೆಗೆಯಿರಿ, ಬಿಲ್ಲೆಯ ಮೇಲಿನ ಅಕ್ಷರ ಓದುವಷ್ಟು ಹತ್ತಿರದಿಂದ.